ಕದಡಿದ ಚಳಿಗಾಲದ ಹೊಳೆಗೆ ಲಂಚನ್ ಮೀಟೋ, ಎರೆಹುಳವೋ?

ಇಂಗ್ಲೆಂಡಿನ ಸೆವರ್ನ್ ನದಿ ಚಳಿಗಾಲದಲ್ಲಿ ಉಕ್ಕಿ ಕಂದು ಬಣ್ಣಕ್ಕೆ ತಿರುಗಿದಾಗ ಮೀನು ಎರೆಯನ್ನು ಹುಡುಕುವುದು ಹೆಚ್ಚಾಗಿ ವಾಸನೆಯಿಂದ. ಮೊದಲು ಥರ್ಮಾಮೀಟರ್ ಇಳಿಬಿಡಿ.

ನೀರು 8 ಡಿಗ್ರಿ ದಾಟಿ ಇನ್ನೂ ಏರುತ್ತಿದ್ದರೆ ಬಾರ್ಬೆಲ್ ಮೀನಿಗೆ ಲಂಚನ್ ಮೀಟ್ (ಡಬ್ಬಿಯಲ್ಲಿ ಬರುವ ಒತ್ತಿದ ಮಾಂಸ) ಹಾಕಿ: 15–20 ಮಿ.ಮೀ. ತುಂಡು, 8ನೇ ನಂಬರಿನ ಗಾಳ. ರಭಸಕ್ಕೆ ಉದುರದಂತೆ ಹೇರ್ ರಿಗ್‌ಗೆ, ಅಂದರೆ ಗಾಳದ ಹಿಂದೆ ಇಳಿಬಿದ್ದ ಸಣ್ಣ ದಾರಕ್ಕೆ, ಪೋಣಿಸಿ.

5 ಡಿಗ್ರಿಗೆ ಇಳಿದಿದ್ದರೆ, ಅದರಲ್ಲೂ ಹಿಮ ಕರಗಿದ ನೀರು ಸೇರಿದ್ದರೆ, ಬಾರ್ಬೆಲ್ ಆಸೆ ಬಿಟ್ಟು ಚಬ್ ಮೀನಿಗೆ ಎರೆಹುಳ: 6ನೇ ನಂಬರಿನ ಗಾಳಕ್ಕೆ ದಪ್ಪನೆಯವು ಎರಡು. ತುದಿ ಚಿವುಟಿದರೆ ರಸ ಹರಡುತ್ತದೆ. ಸಣ್ಣ ಮೀನು ಬೇಗ ಕಿತ್ತು ತಿನ್ನುವುದೊಂದೇ ತೊಂದರೆ. ಅನುಮಾನವಿದ್ದರೆ ಹುಳವೇ ವಾಸಿ.

ಎರಡಕ್ಕೂ ಜಾಗ ಒಂದೇ, ದಡದ ಪಕ್ಕದ ನಿಧಾನ ನೀರು. ದಾರಕ್ಕೆ ಕಟ್ಟಿದ 100 ಗ್ರಾಂ ಸೀಸದ ಗುಂಡೂ ಜಾರುತ್ತಿದ್ದರೆ ಭಾರ ಹೆಚ್ಚಿಸುವ ಮೊದಲು ದಾರಕ್ಕೆ ಸಿಕ್ಕ ಎಲೆ, ಕಸ ತೆಗೆಯಿರಿ. ರಾಡ್ ತುದಿಯನ್ನು ಎತ್ತರಕ್ಕೆ ನಿಲ್ಲಿಸಿ.