ಟ್ಯೂನರ್ ಆಪ್ ರಿವ್ಯೂ: ಹಸಿರು ದೀಪ ಬಂತು ಅಂದ ಮಾತ್ರಕ್ಕೆ ಶ್ರುತಿ ಸೇರಿಲ್ಲ

ಟ್ಯೂನರ್ ಆಪ್‌ಗಳು ಮುಕ್ಕಾಲು ಪಾಲು ಒಂದೇ ಥರ. ತಂತಿ ಮೀಟಬೇಕು, ಮುಳ್ಳು ನಡುವೆ ನಿಂತು ಹಸಿರು ದೀಪ ಬಂದರೆ ಮುಗೀತು. ನಾನೀಗ ಬಳಸುತ್ತಿರುವ ಆಪ್‌ನಲ್ಲಿ (ಹೆಸರು ಬೇಡ, ಮುಂದೆ ಬೈಯೋದಿದೆ) ಯಾವ ಲೆಕ್ಕದ ಶ್ರುತಿ ಬೇಕೋ ಆರಿಸಿಕೊಳ್ಳಬಹುದು. ಈಕ್ವಲ್ (ಸ್ಥಾಯಿಯನ್ನು 12 ಸಮ ಪಾಲು ಮಾಡೋದು), ಜಸ್ಟ್ (ಸ್ವರಗಳ ನಡುವೆ ಸರಳ ಅನುಪಾತ ಇಡೋದು), ಪೈಥಾಗೊರಿಯನ್ (ಬರೀ 3:2 ಪಂಚಮಗಳಿಂದ ಕಟ್ಟೋದು), ಮೀನ್‌ಟೋನ್ (ಗಾಂಧಾರ ಶುದ್ಧ ಇರಲಿ ಅಂತ ಪಂಚಮ ಚೂರು ಇಳಿಸೋದು) ಎಲ್ಲಾ ಇವೆ. ಜೊತೆಗೆ ಎರಡು ಸ್ವರ ಒಟ್ಟಿಗೆ ನುಡಿಸಿ ಕೇಳಿಸುವ ಬಟನ್ ಒಂದಿದೆ. ಕಾಸು ಕೊಡೋದಾದರೆ ಅದಕ್ಕೇ ಕೊಡಬೇಕು.

ಷಡ್ಜ 440 ಹರ್ಟ್ಸ್‌ಗೆ ಇಟ್ಟು ಅಂತರ ಗಾಂಧಾರ ಒತ್ತಿ. ಜಸ್ಟ್‌ನಲ್ಲಿ ಅನುಪಾತ 5:4, ಅಂದರೆ ಕರೆಕ್ಟಾಗಿ 550. ಎರಡೂ ಸ್ವರ ಬೆರೆತು ಅಲುಗದೆ ನಿಲ್ಲುತ್ತವೆ. ಈಗ ಈಕ್ವಲ್‌ಗೆ ಬದಲಿಸಿ. ಗಾಂಧಾರ 554.37ಕ್ಕೆ ಏರುತ್ತದೆ, ತಕ್ಷಣ ಒಂಥರಾ ಗರಗರ ಶುರು. ಷಡ್ಜದ 5ನೇ ಹಾರ್ಮೋನಿಕ್ (ಮೂಲ ಸ್ವರದ ಜೊತೆಗೇ ನುಡಿಯುವ, 5 ಪಟ್ಟು ಕಂಪನದ ನಾದ) 2200, ಗಾಂಧಾರದ 4ನೆಯದು ಸುಮಾರು 2217.5, ಹಾಗಾಗಿ ಸೆಕೆಂಡಿಗೆ 17ಕ್ಕೂ ಜಾಸ್ತಿ ಸಲ ನಾದ ಅದುರುತ್ತದೆ. ಪಂಚಮದಲ್ಲಿ ಇಷ್ಟು ಗಲಾಟೆ ಇಲ್ಲ, 660 ಇರಬೇಕಾದ್ದು 659.26, ಅಷ್ಟೇ. ಒಂದು ಮಾತು, ಆಪ್ ತೆರೆದ ಕೂಡಲೇ ಬರೋದು ಬರೀ ಸೈನ್ ಟೋನ್. ಅದರಲ್ಲಿ ಹಾರ್ಮೋನಿಕ್‌ಗಳೇ ಇಲ್ಲ, ಈ ಗರಗರ ಕಿವಿಗೆ ಬೀಳೋದೂ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ತಂತಿ ನಾದ ಹಾಕಿಕೊಳ್ಳಿ.

ಹಾಗಾದರೆ ಈಕ್ವಲ್ ಯಾಕೆ ಬೇಕು ಅಂತೀರಾ? ಪಂಚಮದಿಂದ ಪಂಚಮಕ್ಕೆ 12 ಸಲ ಏರಿದರೆ ಹೊರಟ ಸ್ವರವೇ 7 ಸ್ಥಾಯಿ ಮೇಲೆ ಸಿಗಬೇಕು. ಆದರೆ 3:2ರ ಪಂಚಮ 12 ಸಲ ಏರಿಸಿದರೆ 129.75 ಪಟ್ಟು, 7 ಸ್ಥಾಯಿ ಏರಿದರೆ 128 ಪಟ್ಟು. ಎರಡೂ ಯಾವತ್ತೂ ಕೂಡಲ್ಲ. 3ರ ಘಾತ, 2ರ ಘಾತ ಸಮ ಆಗೋಕೆ ಸಾಧ್ಯವೇ ಇಲ್ಲವಲ್ಲ! ಉಳಿಯುವ 23.46 ಸೆಂಟ್‌ಗಳನ್ನು (ಒಂದು ಸ್ಥಾಯಿಗೆ 1200 ಸೆಂಟ್) ಈಕ್ವಲ್‌ನಲ್ಲಿ 12 ಪಂಚಮಕ್ಕೂ ಸುಮಾರು 2ರಂತೆ ಹಂಚುತ್ತಾರೆ. ಮೀನ್‌ಟೋನ್‌ನಲ್ಲಿ ಗಾಂಧಾರ ಉಳಿಸೋಕೆ ಹೋಗಿ ಒಂದು ಪಂಚಮ 737.6 ಸೆಂಟ್‌ಗೆ ಹಿಗ್ಗುತ್ತದೆ. ಅದನ್ನೂ ಕೇಳಿ ನೋಡಿ, ಹಲ್ಲು ಜುಮ್ಮೆನ್ನುತ್ತದೆ.

ಇನ್ನು ಬೈಗುಳ. ಕೇಳಿಸುವ ಭಾಗದಲ್ಲಿ ಷಡ್ಜ ಎಲ್ಲಿ ಬೇಕಾದರೂ ಇಡಬಹುದು, ಆದರೆ ಟ್ಯೂನರ್ ಭಾಗದಲ್ಲಿ ಜಸ್ಟ್ ಪಟ್ಟಿಯನ್ನು ಪಾಶ್ಚಾತ್ಯ ಸಿ ಸ್ವರಕ್ಕೇ ಕಟ್ಟಿಹಾಕಿದ್ದಾರೆ. ಸಿಗೆ ಹೋಲಿಸಿದರೆ ಡಿ ಅಲ್ಲಿ 9:8, ಎ (ಡಿಯಿಂದ ಪಂಚಮ) ಅಲ್ಲಿ 5:3. ನಿಮ್ಮ ಷಡ್ಜ ಡಿ ಆದರೆ ಪಂಚಮ 3:2 ಬದಲು 40:27 ಆಗುತ್ತದೆ, 21.5 ಸೆಂಟ್ ಕಡಿಮೆ. ಕಿವಿಗೆ ಅದು ಅಪಸ್ವರವೇ, ಆಪ್ ಮಾತ್ರ ಹಸಿರು ದೀಪ ಹಾಕಿ ಶಭಾಷ್ ಅನ್ನುತ್ತದೆ! ಮೇಲ್ ಬರೆದೆ, ಉತ್ತರ ಇಲ್ಲ.

ಗಿಟಾರ್‌ನವರಿಗೆ ಇದು ಬೇಡ, ಫ್ರೆಟ್‌ಗಳೇ ಈಕ್ವಲ್ ಲೆಕ್ಕಕ್ಕೆ ಕೂತಿರುತ್ತವೆ. ಹಾಡುವವರು, ಪಿಟೀಲಿನವರು ತಗೊಳ್ಳಿ. ಸದ್ಯಕ್ಕೆ 5ಕ್ಕೆ 3 ಸ್ಟಾರ್. ಟ್ಯೂನರ್‌ನಲ್ಲೂ ಷಡ್ಜ ಬದಲಿಸೋಕೆ ಬಿಟ್ಟ ದಿನ ಇನ್ನೊಂದು ಸೇರಿಸ್ತೀನಿ.