ತಾಮ್ರದ ಅಯಾನೈಸರ್: ಮನೆಯ ಸ್ಪಾ ಟಬ್ಬಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ನಮ್ಮ ಮನೆ. ಅಮ್ಮನ ಮಂಡಿನೋವಿಗೆ ಅಂತ ಹಿತ್ತಲಲ್ಲಿ ಸಾವಿರ ಲೀಟರಿನ ಸ್ಪಾ ಟಬ್ ಹಾಕಿಸಿದೆವು. ಅಮ್ಮ ವಾರಕ್ಕೆ ಮೂರು ದಿನ ಇಳಿಯುತ್ತಾರೆ. ಉಳಿದ ದಿನ ನೀರು ಸುಮ್ನೆ ಬೆಚ್ಚಗೆ ನಿಂತಿರುತ್ತದೆ. ತೊಂದರೆ ಶುರುವಾಗಿದ್ದೇ ಅಲ್ಲಿ. 38 ಡಿಗ್ರಿ ನೀರಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಎರಡು ದಿನ ಮರೆತರೆ ಟಬ್ಬಿನ ಒಳಗೋಡೆಯೆಲ್ಲ ಲೋಳೆ. ಅದಕ್ಕೇ 2022ರಲ್ಲಿ ಈ ಅಯಾನೈಸರ್ ತಂದೆವು.

ಪಂಪಿನ ಪೈಪಿನೊಳಗೆ ಎರಡು ತಾಮ್ರದ ಪಟ್ಟಿ ಕೂರಿಸುತ್ತಾರೆ. ಸಣ್ಣ ಡಿಸಿ ಕರೆಂಟ್ ಹರಿದಾಗ ತಾಮ್ರ ಅಯಾನುಗಳಾಗಿ ನೀರಿಗೆ ಸೇರುತ್ತದೆ. ಪಾಚಿಗೆ ಅದು ಆಗದು. ತೋಟದವರು ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ಹೊಡೆಯುತ್ತಾರಲ್ವಾ, ಅಲ್ಲೂ ಕೆಲಸ ಮಾಡುವುದು ತಾಮ್ರವೇ. ಬೇಕಾಗಿರುವುದು 0.2ರಿಂದ 0.4 ಪಿಪಿಎಂ, ಅಂದರೆ ಲೀಟರಿಗೆ ಅಷ್ಟೇ ಮಿಲಿಗ್ರಾಂ. ನಮ್ಮ ಟಬ್ಬಿಗೆ ಲೆಕ್ಕ ಹಾಕಿದರೆ ಅರ್ಧ ಗ್ರಾಂ ಕೂಡ ಇಲ್ಲ. ಬಿಸಿಗಾಗಲಿ ಬಿಸಿಲಿಗಾಗಲಿ ಅದು ಹಾರುವುದಿಲ್ಲ. ಯಾರೂ ಇಳಿಯದ ದಿನಗಳಲ್ಲಿ ನೀರು ಕೆಡದಂತೆ ಇದು ನಿಜವಾಗಲೂ ನೋಡಿಕೊಳ್ಳುತ್ತದೆ. ಲೋಳೆ ಮತ್ತೆ ಬಂದೇ ಇಲ್ಲ.

ಆದರೆ ಮಾರಿದವರು ‘ಇನ್ನು ಕ್ಲೋರಿನ್ ಬೇಡವೇ ಬೇಡ ಮೇಡಂ’ ಅಂದಿದ್ದರು. ನಂಬಿದೆವು. ಆ ದಸರಾಗೆ ನೆಂಟರು ಬಂದರು. ಜಂಬೂ ಸವಾರಿ ನೋಡಿ ನಿಂತೂ ನಿಂತೂ ಕಾಲು ನೋವು ಅಂತ ಆರು ಜನ ಒಬ್ಬರಾದ ಮೇಲೆ ಒಬ್ಬರು ಟಬ್ಬಿಗಿಳಿದರು. ನೀರು ಕಣ್ಣಿಗೆ ತಿಳಿಯಾಗೇ ಇತ್ತು. ಎರಡನೇ ದಿನ ನನ್ನ ತಂಗಿಯ ಮಗಳ ಬೆನ್ನು, ಸೊಂಟದ ತುಂಬ ಕೆಂಪು ಗುಳ್ಳೆ. ಒದ್ದೆ ಬಟ್ಟೆ ಅಂಟಿಕೊಂಡಿದ್ದ ಕಡೆಯೇ ಜಾಸ್ತಿ. ಬಿಸಿನೀರಿನ ಟಬ್ಬಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಸೇರಿದರೆ ಹೀಗಾಗುತ್ತದೆ ಎಂದರು ಚರ್ಮದ ಡಾಕ್ಟರು. ವಾರದಲ್ಲಿ ವಾಸಿಯಾಯಿತು. ಮಗು ರಾತ್ರಿಯೆಲ್ಲ ಕೆರೆದುಕೊಂಡು ಅತ್ತದ್ದನ್ನು ನನಗೆ ಇವತ್ತಿಗೂ ಮರೆಯಲಾಗಿಲ್ಲ.

ತಾಮ್ರ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆದರೆ ನಿಧಾನ. ಮೈಯಿಂದ ಬಿಡುವ ಬೆವರು, ಎಣ್ಣೆಯನ್ನು ಅದು ಏನೂ ಮಾಡುವುದಿಲ್ಲ. ಅದನ್ನು ಕರಗಿಸಿ ಹಾಕಲು ಕ್ಲೋರಿನ್ನೇ ಬೇಕು. ಬಿಸಿನೀರಿನ ಟಬ್ಬಿಗೆ ಕನಿಷ್ಠ 3 ಪಿಪಿಎಂ ಕ್ಲೋರಿನ್ ಇರಬೇಕು ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಈಗ ನಮ್ಮಲ್ಲಿ ಕ್ಲೋರಿನ್ ನೋಡುವ ಸ್ಟ್ರಿಪ್ ಅದ್ದಿ ಅಷ್ಟು ಬಣ್ಣ ಬಂದ ಮೇಲೆಯೇ ಅಮ್ಮ ಇಳಿಯುವುದು. ನೆಂಟರು ಬಂದರೆ ನಡುವೆ ಇನ್ನೊಮ್ಮೆ ನೋಡುತ್ತೇವೆ. ಹಾಗಿದ್ದೂ ಕ್ಲೋರಿನ್ ಡಬ್ಬ ಮೊದಲಿಗಿಂತ ತುಂಬ ದಿನ ಬರುತ್ತದೆ.

ಇನ್ನೊಂದು ಪಾಠ ಬೇಸಿಗೆಯಲ್ಲಿ. ಕಾವೇರಿ ನೀರು ಸಾಲದೆ ಟ್ಯಾಂಕರ್ ತರಿಸಿ ಟಬ್ ತುಂಬಿಸಿದೆವು. ಬೋರ್ ನೀರು, ಗಡಸು. ನೀರು ಚಿಮ್ಮಿಸುವ ಜೆಟ್ ಓಡಿದಂತೆಲ್ಲ ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಏರಿ 8 ದಾಟಿತು. ಯಂತ್ರವನ್ನೂ ಇಡೀ ದಿನ ಆನ್ ಇಟ್ಟಿದ್ದೆ, ಅದು ನನ್ನದೇ ತಪ್ಪು. ಪಿಎಚ್ ಏರಿದರೆ ತಾಮ್ರ ನೀರಲ್ಲಿ ನಿಲ್ಲದೆ ಕಲೆಯಾಗಿ ಕೂರುತ್ತದೆ. ಟಬ್ಬಿನ ಅಂಚಿಗೆ ನೀಲಿ ಹಸಿರು ಕಲೆ ಬಿತ್ತು. ಅಮ್ಮನ ಬಿಳಿಗೂದಲ ತುದಿಗೂ ಹಸಿರು ಛಾಯೆ ಹತ್ತಿತು. ಪಾಪ, ಅಮ್ಮ ಮದುವೆ ಮನೆಗೆ ಸೆರಗು ಹೊದ್ದು ಹೋದರು. ಅಂದಿನಿಂದ ಪಿಎಚ್ 7.2ರಿಂದ 7.6ರ ಒಳಗೆ ಇಡುತ್ತೇನೆ. ವಾರಕ್ಕೊಮ್ಮೆ ತಾಮ್ರದ ಟೆಸ್ಟ್ ಕಿಟ್‌ನಲ್ಲಿ ನೋಡಿ, 0.3 ಬಂದರೆ ಯಂತ್ರ ಆಫ್.

ಪಟ್ಟಿಗಳ ಮೇಲೆ ಬಿಳಿ ಸುಣ್ಣ ಕಟ್ಟಿದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅದನ್ನು ತೆಗೆಯಲು ಯಂತ್ರದ ಪುಸ್ತಕದಲ್ಲಿ ವಿನೆಗರ್ ಅಂತಿದೆ. ಅಮ್ಮ ದೇವರ ಮನೆಯ ಚೊಂಬಿನ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದರು, ಹೊಸದರಂತೆ ಆಯಿತು. ಗಟ್ಟಿ ಕಟ್ಟಿದ್ದರೆ ಮಾತ್ರ ವಿನೆಗರಿನಲ್ಲಿ ನೆನೆಸುತ್ತೇನೆ. ಬೋರ್ ನೀರಿದ್ದಾಗ ಹದಿನೈದು ದಿನಕ್ಕೊಮ್ಮೆ, ಕಾವೇರಿ ನೀರಿಗೆ ಎರಡು ತಿಂಗಳಿಗೊಮ್ಮೆ ಸಾಕು. ಮೂರು ತಿಂಗಳಿಗೆ ನೀರು ಪೂರ್ತಿ ಬದಲಿಸುತ್ತೇವೆ. ಆ ನೀರನ್ನು ಮೀನಿನ ತೊಟ್ಟಿಗೆ, ತಾವರೆ ಕೊಳಕ್ಕೆ ಬಿಡಬೇಡಿ. ಮೀನಿಗೆ, ಬಸವನಹುಳಕ್ಕೆ ತಾಮ್ರ ವಿಷ.

ಪಟ್ಟಿ ಒಮ್ಮೆ ಸವೆದು ಬದಲಿಸಿದ್ದೇವೆ. ಯಂತ್ರ ಕೆಟ್ಟಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆಗೆ ಬೋರ್ ನೀರು ಮಾತ್ರ ಇರುವವರು ಮೊದಲು ನೀರಿನ ಗಡಸುತನ ಪರೀಕ್ಷೆ ಮಾಡಿಸಿ, ಆಮೇಲೆ ಕೊಳ್ಳಿ.