ಒಂದೇ ಡಬ್ಬಿಯಲ್ಲಿ ನಾಲ್ಕು ಜೇಬುಚಾಕುಗಳು: ಕೃತಕ ಹಿಡಿಗಳ ಹೋಲಿಕೆ

ಹಳೆಯ ಮಾದರಿಯ ಮಡಚುವ ಚಾಕುಗಳನ್ನು ಸಂಗ್ರಹಿಸುವವರು ಮಾತಿಗೆ ಕುಳಿತರೆ ಮೂಳೆ, ಜಿಂಕೆಯ ಕೊಂಬು, ಮುತ್ತಿನ ಚಿಪ್ಪಿನ ಹಿಡಿಗಳನ್ನೇ ಹೊಗಳುತ್ತಾರೆ. ಕೃತಕ ಹಿಡಿ ಎಂದರೆ ಅಗ್ಗದ್ದು ಎಂಬ ತಾತ್ಸಾರ ಇನ್ನೂ ಹೋಗಿಲ್ಲ. ನನಗೂ ಅದೇ ತಾತ್ಸಾರವಿತ್ತು. ಸೆಲ್ಯುಲಾಯ್ಡ್, ಡೆಲ್ರಿನ್, ಮೈಕಾರ್ಟಾ ಮತ್ತು ಅಕ್ರಿಲಿಕ್ ಹಿಡಿಯ ನಾಲ್ಕು ಚಾಕುಗಳನ್ನು ಆರು ವರ್ಷ ಸರದಿಯ ಮೇಲೆ ಜೇಬಿನಲ್ಲಿಟ್ಟುಕೊಂಡು ಬಳಸಿ, ಉಳಿದ ಹೊತ್ತಿನಲ್ಲಿ ಅವುಗಳನ್ನು ಒಂದೇ ಮರದ ಡಬ್ಬಿಯಲ್ಲಿ ಇರಿಸಿದ ಮೇಲೆ, ಈ ನಾಲ್ಕನ್ನೂ ‘ಪ್ಲಾಸ್ಟಿಕ್’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ಎಷ್ಟು ತಪ್ಪು ಎಂಬುದು ತಿಳಿಯಿತು.

ಚೆಲುವಿನಲ್ಲಿ ಸೆಲ್ಯುಲಾಯ್ಡಿಗೆ ಸಾಟಿಯಿಲ್ಲ. ನೈಟ್ರೊಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುವ ಈ ವಸ್ತುವಿಗೆ ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರಲ್ಲಿ ಪೇಟೆಂಟ್ ಪಡೆದರು. ಬಿಲಿಯರ್ಡ್ಸ್ ಚೆಂಡಿನ ದಂತಕ್ಕೆ ಬದಲಿ ಹುಡುಕುತ್ತಿದ್ದಾಗ ಅವರಿಗೆ ದಕ್ಕಿದ್ದು ಇದು. ನನ್ನ ಚಾಕುವಿನ ಹಿಡಿ ಆಮೆಚಿಪ್ಪಿನ ಬಣ್ಣದ್ದು. ಬೆಳಕಿಗೆ ಹಿಡಿದರೆ ಕಂದು ಮತ್ತು ಜೇನುಬಣ್ಣದ ಪದರಗಳು ಒಂದರೊಳಗೊಂದು ಇಳಿದಂತೆ ಕಾಣುತ್ತವೆ. ಈಗಿನ ಅಕ್ರಿಲಿಕ್ಕಿನಲ್ಲಿ ಆ ಆಳವನ್ನು ನಾನು ಕಂಡಿಲ್ಲ. ಆದರೆ ಈ ಚೆಲುವು ಒಳಗೊಳಗೇ ಕೊಳೆಯುತ್ತದೆ. ವರ್ಷಗಳು ಕಳೆದಂತೆ ಸೆಲ್ಯುಲಾಯ್ಡ್ ವಿಘಟನೆಗೊಂಡು ನೈಟ್ರೋಜನ್ ಆಕ್ಸೈಡ್‌ಗಳನ್ನು ಬಿಡುತ್ತದೆ. ಅವು ಗಾಳಿಯ ತೇವದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತವೆ. ನಾಲ್ಕನೆಯ ವರ್ಷದ ಮಳೆಗಾಲ ಕಳೆದು ಡಬ್ಬಿ ತೆರೆದಾಗ ಕರ್ಪೂರದ ಪರಿಮಳದ ಬದಲು ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂತು. ಹಿಡಿಯ ಒಳಬದಿಯ ಹಿತ್ತಾಳೆ ಪಟ್ಟಿಯ ಅಂಚಿನುದ್ದಕ್ಕೂ ಹಸಿರು ಕಿಲುಬು ಕಟ್ಟಿತ್ತು, ಹಿಡಿಯೊಳಗೆ ಮಡಚಿಕೊಂಡಿದ್ದ ಅಲಗಿನ ಭಾಗ ಮಾತ್ರ ಕೆಂಪಗೆ ತುಕ್ಕು ಹಿಡಿದಿತ್ತು. ಅದಕ್ಕಿಂತ ನೋವಾದದ್ದು ಪಕ್ಕದಲ್ಲಿ ಮಲಗಿದ್ದ ಮೈಕಾರ್ಟಾ ಚಾಕುವನ್ನು ಕಂಡು: ಅದರ ಕಾರ್ಬನ್ ಉಕ್ಕಿನ ಅಲಗಿನಲ್ಲಿ, ಸೆಲ್ಯುಲಾಯ್ಡ್ ಕಡೆಗಿದ್ದ ಮುಖದಲ್ಲಿ ಮಾತ್ರ, ಸೂಜಿಮೊನೆಯಷ್ಟು ಕುಳಿಗಳು ಬಿದ್ದಿದ್ದವು. ತಪ್ಪು ನನ್ನದೇ. ಮುಚ್ಚಿದ ಡಬ್ಬಿಯಲ್ಲಿ ಸೆಲ್ಯುಲಾಯ್ಡನ್ನು ಇಡಬಾರದೆಂದು ಬಲ್ಲವರು ಮೊದಲೇ ಹೇಳಿದ್ದರು.

ಡೆಲ್ರಿನ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಡುಪಾಂಟ್ ಕಂಪನಿ 1960ರಲ್ಲಿ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸತೊಡಗಿದ ಈ ಅಸಿಟಾಲ್ ಪ್ಲಾಸ್ಟಿಕ್ ನೀರನ್ನು ಹೀರುವುದು ಅತ್ಯಲ್ಪ, ಕಲ್ಲಿನ ಮೇಲೆ ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ. ನನ್ನ ಡೆಲ್ರಿನ್ ಚಾಕು ‘ಸ್ಟಾಕ್‌ಮನ್’ ಎಂಬ ಮೂರು ಅಲಗಿನ ಮಾದರಿಯದು. ಅದನ್ನು ಎಷ್ಟು ಸಲ ಬೀಳಿಸಿದ್ದೇನೆಂಬ ಲೆಕ್ಕವಿಲ್ಲ, ಹಿಡಿಯ ಮೇಲೆ ಬಿರುಕಂತೂ ಇಲ್ಲ. ದೂರುಗಳೂ ಇವೆ. ಒದ್ದೆ ಕೈಯಲ್ಲಿ ಅದು ಸಾಬೂನಿನಂತೆ ಜಾರುತ್ತದೆ. ಅಂಟು ಅದಕ್ಕೆ ಸರಿಯಾಗಿ ಹಿಡಿಯದ ಕಾರಣ ಹಿಡಿಯ ಭಾರವೆಲ್ಲ ರಿವೆಟ್ಟುಗಳ ಮೇಲೆಯೇ ಬೀಳುತ್ತದೆ, ನನ್ನದರಲ್ಲಿ ತುದಿಯ ಲೋಹದ ಗುಬಟಿಗೂ ಹಿಡಿಗೂ ನಡುವೆ ಉಗುರು ತಾಗುವಷ್ಟು ಸಂದು ಬಿಟ್ಟಿದೆ. ಮೂಳೆಯಂತೆ ಕೆತ್ತಿದ ಡೆಲ್ರಿನ್ನನ್ನು ಮೂಳೆಯೆಂದು ಮಾರುವವರೂ ಇರುವುದರಿಂದ ಭೂತಗನ್ನಡಿಯೊಂದು ಜೊತೆಗಿರುವುದು ಒಳ್ಳೆಯದು: ಮೂಳೆಯಲ್ಲಿ ರಕ್ತನಾಳಗಳು ಹಾದುಹೋದ ಸಣ್ಣ ಕಪ್ಪು ಚುಕ್ಕೆಗಳೂ ಗೆರೆಗಳೂ ಕಾಣುತ್ತವೆ, ಅಚ್ಚಿನಲ್ಲಿ ಎರೆದ ಡೆಲ್ರಿನ್ನಿನಲ್ಲಿ ಅವು ಇರುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಪರೀಕ್ಷೆಯನ್ನು ಮಾತ್ರ ಯಾರೂ ಮಾಡಬಾರದು; ಎದುರಿಗಿರುವುದು ಸೆಲ್ಯುಲಾಯ್ಡ್ ಆಗಿದ್ದರೆ ಅದು ಭಗ್ಗನೆ ಹೊತ್ತಿಕೊಳ್ಳಬಹುದು. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಕರ್ಪೂರದ ವಾಸನೆಯೇ ಗುಟ್ಟು ಬಿಟ್ಟುಕೊಡುತ್ತದೆ.

ನನಗೆ ಹೆಚ್ಚು ಒಗ್ಗಿದ್ದು ಮೈಕಾರ್ಟಾ. ಬಟ್ಟೆ ಅಥವಾ ಕಾಗದದ ಪದರಗಳಿಗೆ ಫೀನಾಲಿಕ್ ರಾಳ ಉಣಿಸಿ, ಬಿಸಿ ಮತ್ತು ಒತ್ತಡದಲ್ಲಿ ಗಟ್ಟಿಮಾಡಿದ ಹಲಗೆ ಇದು. ವೆಸ್ಟಿಂಗ್‌ಹೌಸ್ ಕಂಪನಿ ಇದನ್ನು ಮೊದಲು ತಯಾರಿಸಿದ್ದು ವಿದ್ಯುತ್ ನಿರೋಧಕವಾಗಿ. ನನ್ನದು ನಾರುಬಟ್ಟೆಯ ಮೈಕಾರ್ಟಾ, ಬಂದಾಗ ಒಣಗಿದ ಹುಲ್ಲಿನ ಬಣ್ಣವಿತ್ತು. ಅಂಗೈಯ ಎಣ್ಣೆ ಮತ್ತು ಬೆವರು ಕುಡಿದು ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಅದೂ ಹೆಬ್ಬೆರಳು ಕೂರುವ ಜಾಗದಲ್ಲಿ ಒಂದು ಛಾಯೆ ಹೆಚ್ಚು. ನಯಗೊಳಿಸದ ಕಾರಣ ಒದ್ದೆಯಾದಾಗಲೂ ಹಿಡಿತ ಬಿಗಿಯಾಗಿರುತ್ತದೆ. ಹೊಳಪನ್ನು ಬಯಸುವವರಿಗೆ ಇದು ಮಂಕಾಗಿ ಕಾಣಬಹುದು.

ಅಕ್ರಿಲಿಕ್ಕಿನ ಕಥೆ ಚಿಕ್ಕದು. ಬಣ್ಣಗಳು ಧಾರಾಳ, ತೂಕ ಕಡಿಮೆ, ಲೋಹವನ್ನು ಕೆಡಿಸುವ ಆವಿಯ ಕಾಟವಿಲ್ಲ. ಬೆಲೆಚೀಟಿಯ ಅಂಟು ತೆಗೆಯಲು ಒಂದು ದಿನ ಅದಕ್ಕೆ ಸ್ಪಿರಿಟ್ ಹಚ್ಚಿ ಒರೆಸಿದೆ; ಸ್ವಲ್ಪ ಹೊತ್ತಿನಲ್ಲೇ ರಿವೆಟ್ಟಿನ ಸುತ್ತ ಜೇಡರ ಬಲೆಯಂತೆ ಕೂದಲೆಳೆಯ ಬಿರುಕುಗಳು ಹರಡಿಕೊಂಡವು. ರಿವೆಟ್ ಬಡಿಯುವಾಗ ಒಳಗೆ ಉಳಿದುಕೊಂಡ ಒತ್ತಡ ಆಲ್ಕೋಹಾಲ್ ತಗಲಿದೊಡನೆ ಹೀಗೆ ಹೊರಬೀಳುತ್ತದೆ. ಅದನ್ನು ಶುಚಿಮಾಡಲು ಸೌಮ್ಯ ಸಾಬೂನಿನ ನೀರು ಸಾಕಾಗಿತ್ತು.

ದಿನವೂ ಜೇಬಿನಲ್ಲಿ ಹೊರುವ ಚಾಕುವಿಗೆ ನಾನು ಮೈಕಾರ್ಟಾವನ್ನು, ಒರಟು ಕೆಲಸಕ್ಕೆ ಡೆಲ್ರಿನ್ನನ್ನು ಆರಿಸುತ್ತೇನೆ. ಸೆಲ್ಯುಲಾಯ್ಡ್ ಚಾಕುವನ್ನು ಮಾರಲು ಮನಸ್ಸು ಬರಲಿಲ್ಲ. ಉಳಿದವುಗಳಿಂದ ದೂರದಲ್ಲಿ, ಬಿಸಿಲು ತಾಗದ ತೆರೆದ ಅಟ್ಟಣೆಯ ಮೇಲೆ, ಅಲಗುಗಳನ್ನು ಅರ್ಧ ತೆರೆದು ಒಂಟಿಯಾಗಿ ಇರಿಸಿದ್ದೇನೆ, ತಿಂಗಳಿಗೊಮ್ಮೆ ಒರೆಸಿ ಎಣ್ಣೆ ಸವರುತ್ತೇನೆ.